ಎಲ್ಲ ನಡುಕವೂ ‘ಮಿಸ್ಸಿಂಗ್’ ಅಲ್ಲ

ಕಾರಿನ ಸ್ಟೇರಿಂಗ್ ನಡುಗಿದರೂ ಜನ ‘ಎಂಜಿನ್ ಮಿಸ್ಸಿಂಗ್’ ಅಂತಾರೆ, ಸೀಟು ಅದುರಿದರೂ ಮಿಸ್ಸಿಂಗ್. ಹಳೇ ಕಾರು ಮಾರುವವರಂತೂ ‘ಸ್ವಲ್ಪ ಮಿಸ್ಸಿಂಗ್ ಇದೆ, ಅಲೈನ್‌ಮೆಂಟ್ ಮಾಡಿಸಿದ್ರೆ ಸರಿಹೋಗುತ್ತೆ’ ಅಂತ ಬರೆಯುತ್ತಾರೆ. ಅಲೈನ್‌ಮೆಂಟ್ ಅಂದರೆ ಚಕ್ರಗಳ ಕೋನ ಸರಿಮಾಡುವುದು. ಅದಕ್ಕೂ ಮಿಸ್ಸಿಂಗ್‌ಗೂ ಯಾವ ನೆಂಟಸ್ತನವೂ ಇಲ್ಲ.

ಇಲ್ಲಿ ಮಿಸ್ ಆಗುವುದು ಬೆಂಕಿ. ಎಂಜಿನ್‌ನ ಸಿಲಿಂಡರ್‌ಗಳಲ್ಲಿ ಸರದಿಯ ಪ್ರಕಾರ ಇಂಧನ ಉರಿಯಬೇಕು. ಒಂದು ಸಿಲಿಂಡರ್‌ನ ಸರದಿ ಬರುತ್ತದೆ, ಇಂಧನ ಉರಿಯುವುದಿಲ್ಲ, ಅಥವಾ ಅರೆಬರೆ ಉರಿಯುತ್ತದೆ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಇಂಧನ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್), ಯಾವುದಾದರೂ ಕೈಕೊಟ್ಟಿರಬಹುದು. (ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಬದಲಿಸಿ ಅಂತ ಸಲಹೆ ಕೊಡುವವರೂ ಇದ್ದಾರೆ. ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ.)

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಎಂಜಿನ್ ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ಬಂದರೆ ಪ್ರತಿ ಸಿಲಿಂಡರ್ ಒಮ್ಮೆ ಉರಿಯುತ್ತದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಅಂದುಕೊಳ್ಳಿ. ನಾಲ್ಕು ಸಿಲಿಂಡರ್ ಸೇರಿ ನಿಮಿಷಕ್ಕೆ 1,600 ಸಲ, ಸಮ ಅಂತರದಲ್ಲಿ. ಅದರಲ್ಲಿ ಒಂದು ಸಿಲಿಂಡರ್ ಸತ್ತರೆ ಸೆಕೆಂಡಿಗೆ ಸುಮಾರು 7 ಸಲ ಎಂಜಿನ್ ಮುಗ್ಗರಿಸುತ್ತದೆ. ನಿಧಾನದ ಆ ಕುಲುಕಾಟವೇ ಮಿಸ್ಸಿಂಗ್. ಅದಕ್ಕೇ ಅದು ಸಿಗ್ನಲ್‌ನಲ್ಲಿ ನಿಂತಾಗ ಚೆನ್ನಾಗಿ ಗೊತ್ತಾಗುತ್ತದೆ. ಏರು ಹತ್ತುವಾಗ ಎಳೆತವೂ ಕಡಿಮೆಯಾಗುತ್ತದೆ.

ಹೈವೇಯಲ್ಲಿ 80–100 ಕಿಮೀ ವೇಗಕ್ಕೆ ಮಾತ್ರ ಶುರುವಾಗುವ ನಡುಕವಾದರೆ ನನಗೆ ಮೊದಲು ಅನುಮಾನ ಬರುವುದು ಚಕ್ರದ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮವಾಗಿರುವುದು) ಮೇಲೆ. ಖಚಿತ ಮಾಡಿಕೊಳ್ಳಲು ದುಡ್ಡೇನೂ ಬೇಡ. ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಆರ್‌ಪಿಎಂ ಏರಿದರೂ ನಡುಕ ಹಾಗೇ ಇದ್ದರೆ ಅದು ಚಕ್ರ, ಟೈರ್ ಅಥವಾ ಚಕ್ರ ತಿರುಗಿಸುವ ಶಾಫ್ಟ್ ಕಡೆಯದು. ಆರ್‌ಪಿಎಂ ಜೊತೆಗೇ ಬದಲಾದರೆ ಎಂಜಿನ್ ಕಡೆಯದು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಾಗಲೂ ಬಂದರೆ ಚಕ್ರದ ತಪ್ಪಂತೂ ಅಲ್ಲ, ಅದು ತಿರುಗುತ್ತಲೇ ಇಲ್ಲ ಅಲ್ವಾ? ಇಷ್ಟನ್ನೂ ನೋಡದೆ ಸುಮ್ನೆ ಪ್ಲಗ್ ಬಿಚ್ಚುವುದು ಯಾಕೆ?

ಎಂಜಿನ್ ಕಡೆಯದೆಲ್ಲ ಮಿಸ್ಸಿಂಗ್ ಅಂತಲೂ ಅಲ್ಲ. ಎಂಜಿನ್ನನ್ನು ಬಾಡಿಗೆ ಕೂರಿಸುವ ಮೌಂಟಿಂಗ್‌ನ ರಬ್ಬರ್ ಹರಿದಿದ್ದರೆ ಬೆಂಕಿ ಸರಿಯಾಗಿ ಬಿದ್ದರೂ ಬಾಡಿ ನಡುಗುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ಹಿಡಿದು ‘ಡಿ’ಗೆ (ಡ್ರೈವ್) ಹಾಕಿದಾಗ ನಡುಕ ಜಾಸ್ತಿಯಾಗಿ, ನ್ಯೂಟ್ರಲ್‌ಗೆ ತಂದಾಗ ಇಳಿದರೆ ಮೊದಲು ಮೌಂಟಿಂಗ್ ನೋಡಿಸಿ. ಮೂರು ಸಿಲಿಂಡರ್ ಕಾರುಗಳಿಗೆ ಹುಟ್ಟಿನಿಂದಲೇ ಸ್ವಲ್ಪ ನಡುಕ ಇರುತ್ತದೆ. ಅದು ರಿಪೇರಿಗೆ ಬರುವಂಥದ್ದಲ್ಲ.

ನಿಜವಾದ ಮಿಸ್ಸಿಂಗ್ ಆದರೆ, ಕಾರಿನ ಕಂಪ್ಯೂಟರ್‌ಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಪಿ0301, ಪಿ0302 ಥರದ ಕೋಡ್ ಬರುತ್ತದೆ. ಕೊನೆಯ ಅಂಕಿ ಸಿಲಿಂಡರ್‌ನದು. ಒಂದನೆಯದರ ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿದಾಗ ಕೋಡ್ ಪಿ0301ರಿಂದ ಪಿ0302ಗೆ ಜಿಗಿದರೆ ಕಾಯಿಲ್ ಕೆಟ್ಟಿದೆ. ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ, ಆಮೇಲಿನ ಬಿಲ್ಲು ಕಾಯಿಲ್‌ನ ಬೆಲೆಯಲ್ಲಿ ಮುಗಿಯುವುದಿಲ್ಲ.