ರೆವಿಟ್ ಬರುತ್ತದೆ, ಸೇತುವೆ–ರೈಲ್ವೆ–ಸುರಂಗದ ಕೆಲಸಕ್ಕೆ ಅಷ್ಟು ಸಾಕೇ?

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಬಿಮ್ (ಮಾಹಿತಿ ತುಂಬಿದ ತ್ರೀಡಿ ಮಾಡೆಲ್ ಮಾಡುವ ವಿಧಾನ) ಕೋರ್ಸ್ ಮಾಡಿದ್ದೇನೆ. ಅಪಾರ್ಟ್‌ಮೆಂಟ್, ಆಸ್ಪತ್ರೆಗಳ ಮಾಡೆಲ್‌ಗಳನ್ನು ರೆವಿಟ್ ಸಾಫ್ಟ್‌ವೇರ್‌ನಲ್ಲಿ ಮಾಡಬಲ್ಲೆ. ಮೆಟ್ರೋ, ರೈಲ್ವೆ ಯೋಜನೆಗಳ ಕೆಲಸಕ್ಕೆ ಅರ್ಜಿ ಹಾಕಿದರೆ ಮಾತ್ರ ‘ಇನ್‌ಫ್ರಾ ಮಾಡೆಲಿಂಗ್ ಗೊತ್ತಾ?’ ಎಂದು ಕೇಳುತ್ತಾರೆ. ಕಟ್ಟಡವಾದರೇನು, ಸೇತುವೆಯಾದರೇನು, ತ್ರೀಡಿ ಮಾಡೆಲ್ ಒಂದೇ ಅಲ್ಲವೇ?

ಉತ್ತರ: ಒಂದೇ ಅಲ್ಲ. ಹಾಗೆಂದು ನೀವು ಕಲಿತದ್ದು ವ್ಯರ್ಥವೂ ಆಗಿಲ್ಲ. ಸ್ಟೇಷನ್ ಕಟ್ಟಡ, ಡಿಪೋ, ವೆಂಟಿಲೇಷನ್ ಶಾಫ್ಟ್, ಸಬ್‌ಸ್ಟೇಷನ್ ಇವನ್ನೆಲ್ಲ ನೀವು ಈಗಲೇ ಮಾಡಬಲ್ಲಿರಿ. ಆದರೆ ಪ್ಲಾಟ್‌ಫಾರಂ ಮುಗಿದು ಹಳಿ ಸುರಂಗದೊಳಕ್ಕೆ ಹೋಗುವ ಕಡೆಯಿಂದ ಮಾಡೆಲ್‌ನ ಲೆಕ್ಕಾಚಾರವೇ ಬೇರೆಯಾಗುತ್ತದೆ. ಅಲ್ಲಿಂದಾಚೆಗೆ ಮಹಡಿಗಳಿಲ್ಲ, ಗ್ರಿಡ್ ಲೈನ್‌ಗಳಿಲ್ಲ. ಎಲ್ಲಕ್ಕೂ ಆಧಾರ ಅಲೈನ್‌ಮೆಂಟ್, ಅಂದರೆ ಮಾರ್ಗ ಸಾಗುವ ಗೆರೆ, ಒಂದೇ. ಸಂದರ್ಶನದಲ್ಲಿ ಅವರು ಕೇಳುತ್ತಿರುವುದು ನಿಜವಾಗಿ ಅದು ಗೊತ್ತಿದೆಯೇ ಎಂದು.

ಕಟ್ಟಡದಲ್ಲಿ ಒಂದು ಕಾಲಂ ಎಲ್ಲಿದೆ ಎಂದರೆ ‘ಸಿ-4, ಎರಡನೇ ಮಹಡಿ’ ಅಂದರೆ ಮುಗಿಯಿತು. ರೈಲು ಮಾರ್ಗದಲ್ಲಿ ಒಂದು ಪಿಯರ್ (ಸೇತುವೆಯ ಕಂಬ) ಎಲ್ಲಿದೆ ಎಂದು ಕೇಳಿದರೆ ಸಿಗುವ ಉತ್ತರ ಚೈನೇಜ್. ಮಾರ್ಗದ ಆರಂಭದಿಂದ ಇಷ್ಟು ದೂರ, ಸೆಂಟರ್ ಲೈನ್‌ನಿಂದ ಎಡಕ್ಕೋ ಬಲಕ್ಕೋ ಇಷ್ಟು, ರೈಲ್ ಲೆವೆಲ್‌ಗಿಂತ ಕೆಳಗೆ ಇಷ್ಟು. ಆ ಸೆಂಟರ್ ಲೈನ್ ಮೂರು ಲೆಕ್ಕ ಕೂಡಿ ಆದದ್ದು. ಮೇಲಿನಿಂದ ನೋಡಿದಾಗ ಕಾಣುವ ನೇರ ಭಾಗ, ತಿರುವು, ಅವೆರಡನ್ನೂ ಬೆಸೆಯುವ ಟ್ರಾನ್ಸಿಷನ್ ಕರ್ವ್ ಒಂದು. ಏರು ಇಳಿಜಾರುಗಳ ಪ್ರೊಫೈಲ್ ಇನ್ನೊಂದು. ತಿರುವಿನಲ್ಲಿ ಹೊರಗಿನ ಹಳಿಯನ್ನು ಎಷ್ಟು ಎತ್ತಬೇಕು ಎಂಬ ಕ್ಯಾಂಟ್ ಮೂರನೆಯದು. ಗರ್ಡರ್ (ಸೇತುವೆಯ ತೊಲೆ), ಸ್ಲೀಪರ್, ಸಿಗ್ನಲ್ ಕಂಬ, ಕೇಬಲ್ ಟ್ರಫ್, ಸುರಂಗದ ಒಳಗೋಡೆ ಎಲ್ಲವೂ ಈ ಗೆರೆಗೆ ಕಟ್ಟಿಕೊಂಡಿರಬೇಕು. ಭೂಸ್ವಾಧೀನದ ತಕರಾರು ಬಂದು ತಿರುವಿನ ತ್ರಿಜ್ಯ ಬದಲಾದರೆ, ಗೆರೆಯ ಜೊತೆಗೆ ಅವೂ ತಾವಾಗಿ ಸರಿಯಬೇಕು. ಪಿಯರ್‌ಗಳನ್ನು ಒಂದೊಂದಾಗಿ ಕೈಯಿಂದ ಇಟ್ಟ ಮಾಡೆಲ್ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಮೊದಲ ಬದಲಾವಣೆಗೇ ಅದರ ಆಯುಸ್ಸು ಮುಗಿಯುತ್ತದೆ.

ಕ್ಯಾಂಟ್ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಟಡದಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಕ್ಯಾಂಟ್ ಲೆಕ್ಕಕ್ಕೆ ಎರಡು ಹಳಿಗಳ ನಡುಮಧ್ಯದಿಂದ ನಡುಮಧ್ಯಕ್ಕೆ 1750 ಮಿ.ಮೀ. ಎಂದು ಹಿಡಿಯುತ್ತಾರೆ. ಈ 1750ನ್ನು ಗಂಟೆಗೆ ಕಿ.ಮೀ.ನಲ್ಲಿರುವ ವೇಗದ ವರ್ಗದಿಂದ ಗುಣಿಸಿ, 127 ಮತ್ತು ಮೀಟರ್‌ನಲ್ಲಿರುವ ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ ಆ ವೇಗಕ್ಕೆ ಸರಿಹೊಂದುವ ಕ್ಯಾಂಟ್ ಮಿ.ಮೀ.ನಲ್ಲಿ ಸಿಗುತ್ತದೆ. 2 ಡಿಗ್ರಿ ತಿರುವು ಅಂದರೆ ತ್ರಿಜ್ಯ 875 ಮೀಟರ್. ಅಲ್ಲಿ ರೈಲು 100 ಕಿ.ಮೀ. ವೇಗದಲ್ಲಿ ಹೋಗುವುದಾದರೆ ಲೆಕ್ಕ ಸುಮಾರು 157 ಮಿ.ಮೀ.ಗೆ ಬರುತ್ತದೆ. ಅದೇ ಹಳಿಯ ಮೇಲೆ ನಿಧಾನವಾಗಿ ಸಾಗುವ ಗೂಡ್ಸ್ ಗಾಡಿಗಳೂ ಇರುತ್ತವೆ, ಆದ್ದರಿಂದ ಹಾಕುವ ಕ್ಯಾಂಟ್ ಅದಕ್ಕಿಂತ ಕಡಿಮೆ. 100 ಮಿ.ಮೀ. ಹಾಕಿದರು ಎಂದುಕೊಳ್ಳಿ. ಹೊರಹಳಿ 10 ಸೆಂ.ಮೀ. ಎದ್ದಿತು, ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಹಳಿಯಿಂದ 4 ಮೀಟರ್ ಎತ್ತರದಲ್ಲಿ, ಬೋಗಿಯ ಚಾವಣಿಯ ಬಳಿ, ಅಷ್ಟಕ್ಕೇ ಗಾಡಿ ತಿರುವಿನ ಒಳಭಾಗಕ್ಕೆ ಸುಮಾರು 23 ಸೆಂ.ಮೀ. ವಾಲಿರುತ್ತದೆ. ಇದರ ಮೇಲೆ, ಬೋಗಿ ಉದ್ದವಾಗಿರುವುದರಿಂದ ಅದರ ನಡುಭಾಗ ತಿರುವಿನ ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ.

ಸುರಂಗ ಇಕ್ಕಟ್ಟಾದ ಜಾಗ, ಅಲ್ಲಿ 23 ಸೆಂ.ಮೀ. ಎಂದರೆ ಬಹಳ ದೊಡ್ಡದು. ಆದ್ದರಿಂದ ತಿರುವಿನಲ್ಲಿ ಸುರಂಗದ ಅಕ್ಷ ಹಳಿಯ ಅಕ್ಷದ ಮೇಲೆ ಕೂರುವುದಿಲ್ಲ, ಒಳಭಾಗಕ್ಕೆ ಸರಿದಿರುತ್ತದೆ. ಎಷ್ಟು ಸರಿಯಬೇಕು ಎಂಬುದು ಕ್ಯಾಂಟ್ ಜೊತೆಗೇ ಬದಲಾಗುತ್ತದೆ. ನೇರ ಮಾರ್ಗದಲ್ಲಿ ಸೊನ್ನೆಯಿದ್ದದ್ದು ಟ್ರಾನ್ಸಿಷನ್ ಉದ್ದಕ್ಕೂ ಮೆಲ್ಲಗೆ ಏರಿ, ತಿರುವಿನಲ್ಲಿ ಪೂರ್ತಿಯಾಗಿ, ಆಚೆ ಮತ್ತೆ ಇಳಿಯುತ್ತದೆ. ಒಂದು ವೃತ್ತವನ್ನು ಹಳಿಯ ಸೆಂಟರ್ ಲೈನ್ ಉದ್ದಕ್ಕೂ ಎಳೆದು ‘ಇಗೋ ಸುರಂಗ’ ಅಂದರೆ ಕಂಪ್ಯೂಟರ್ ಯಾವ ತಕರಾರೂ ಇಲ್ಲದೆ ಸುಂದರವಾದ ಕೊಳವೆ ತೋರಿಸುತ್ತದೆ. ಆ ಕೊಳವೆಗೆ ಗಾಡಿ ತಗುಲುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟ್ ಮಾರ್ಗ ನೋಡಿ. 50 ಮೀಟರ್‌ಗೆ 1 ಮೀಟರ್ ಏರು, 57 ಸುರಂಗ, ತಿರುವಿನ ಮೇಲೆ ತಿರುವು. ಅಂಥ ಹಳೆಯ ಸುರಂಗದೊಳಗೆ ವಿದ್ಯುತ್ ತಂತಿ ಎಳೆಯಬೇಕಾದರೆ ಒಳಗೋಡೆಯನ್ನು ಅಡಿ ಅಡಿಗೂ ಅಳೆದು, ಗಾಡಿಯ ವಾಲುವಿಕೆ ಸೇರಿಸಿ, ಎಲ್ಲಿ ಜಾಗ ಉಳಿದಿದೆ ಎಂದು ನೋಡಬೇಕು. ಲೇಸರ್ ಸ್ಕ್ಯಾನ್ ಮತ್ತು ಅಲೈನ್‌ಮೆಂಟ್ ಮಾಡೆಲ್ ಎರಡನ್ನೂ ಒಂದರ ಮೇಲೊಂದು ಕೂರಿಸುವ ಕೆಲಸ ಅದು. ಬಿಮ್ ನಿಜಕ್ಕೂ ಹೊಟ್ಟೆ ತುಂಬಾ ಕೆಲಸ ಮಾಡುವುದು ಇಂಥ ಕಡೆ ಎಂದು ನನ್ನ ನಂಬಿಕೆ.

ಇನ್ನೊಂದು ವ್ಯತ್ಯಾಸ ಭೂಮಿಯ ಆಕಾರದ್ದು. ಕಟ್ಟಡದವರು ಅದನ್ನು ಮರೆತೇ ಬದುಕಬಹುದು. ರೆವಿಟ್ ತನ್ನ ಮೂಲಬಿಂದುವಿನಿಂದ ಸುಮಾರು 16 ಕಿ.ಮೀ. ಆಚೆಗೆ ನಂಬಿಕೆಯ ಕೆಲಸ ಮಾಡುವುದಿಲ್ಲ. ಒಂದು ಆಸ್ಪತ್ರೆಗೆ ಅದು ಧಾರಾಳ, ರೈಲು ಮಾರ್ಗಕ್ಕೆ ಏನೂ ಅಲ್ಲ. ಮಾರ್ಗ ಉದ್ದವಾದಂತೆ ನಕ್ಷೆಯ ಅಳತೆಗೂ ನೆಲದ ಅಳತೆಗೂ ಅಂತರ ಬರುತ್ತದೆ. ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಚಪ್ಪಟೆ ನಕ್ಷೆಗೆ ಇಳಿಸುವ ಯುಟಿಎಂ ಪದ್ಧತಿಯಲ್ಲಿ ಕರ್ನಾಟಕದ ಬಹುಭಾಗ 43ನೇ ವಲಯದಲ್ಲಿದೆ. ಅದರ ನಡುರೇಖೆ 75 ಡಿಗ್ರಿ ಪೂರ್ವ ರೇಖಾಂಶ ಧಾರವಾಡದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಎತ್ತರದ ತಿದ್ದುಪಡಿ ಬಿಟ್ಟು ನೋಡಿದರೂ, ಧಾರವಾಡದ ನೆಲದ ಮೇಲಿನ 1 ಕಿ.ಮೀ. ನಕ್ಷೆಯಲ್ಲಿ 40 ಸೆಂ.ಮೀ. ಕಡಿಮೆ. ಬೆಂಗಳೂರಿನಲ್ಲಿ ಅದೇ 1 ಕಿ.ಮೀ. ನಕ್ಷೆಯಲ್ಲಿ ಅರ್ಧ ಮೀಟರ್‌ಗೂ ಮಿಕ್ಕಿ ಉದ್ದವಾಗುತ್ತದೆ. ಚೆನ್ನೈ ಕಡೆಗೆ ಹೊರಟರೆ ಮಾಲೂರು ದಾಟಿ ಬಂಗಾರಪೇಟೆ ಸೇರುವ ಮೊದಲೇ 78 ಡಿಗ್ರಿ ರೇಖಾಂಶ ಬಂದು ವಲಯವೇ 44ಕ್ಕೆ ಬದಲಾಗುತ್ತದೆ. ಇದಕ್ಕೇ ದೊಡ್ಡ ಯೋಜನೆಗಳು ಮೊದಲ ದಿನವೇ ತಮ್ಮದೇ ಪ್ರಾಜೆಕ್ಟ್ ಗ್ರಿಡ್ (ಅಳತೆಯ ಚೌಕಟ್ಟು) ಗೊತ್ತುಮಾಡಿಕೊಂಡು, ಎಲ್ಲ ಗುತ್ತಿಗೆದಾರರೂ ಅದನ್ನೇ ಬಳಸುವಂತೆ ಕಟ್ಟುಪಾಡು ಮಾಡುತ್ತವೆ.

ಎತ್ತರದ ವಿಷಯದಲ್ಲಿ ಏನಾಗಬಹುದು ಎಂಬುದಕ್ಕೆ ಲಾಫೆನ್‌ಬುರ್ಗ್ ಸೇತುವೆಯ ಕತೆ ಎಲ್ಲ ಸರ್ವೇಯರ್‌ಗಳಿಗೂ ಗೊತ್ತಿರಬೇಕು. ರೈನ್ ನದಿಯ ಒಂದು ದಡ ಜರ್ಮನಿ, ಇನ್ನೊಂದು ಸ್ವಿಟ್ಜರ್ಲೆಂಡ್. ಜರ್ಮನಿಯವರು ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಸ್ವಿಸ್ಸರು ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ. ಎರಡಕ್ಕೂ 27 ಸೆಂ.ಮೀ. ಅಂತರವಿದೆ ಎಂದು ಮೊದಲೇ ಗೊತ್ತಿತ್ತು, ಲೆಕ್ಕಕ್ಕೂ ತೆಗೆದುಕೊಂಡಿದ್ದರು. ಆದರೆ ಕೂಡಬೇಕಾದಲ್ಲಿ ಕಳೆದುಬಿಟ್ಟರು. 2003ರಲ್ಲಿ ಎರಡು ದಡಗಳ ಮಟ್ಟಕ್ಕೆ 54 ಸೆಂ.ಮೀ. ವ್ಯತ್ಯಾಸ ಬಂದದ್ದು ತಿಳಿಯಿತು. ಮಾಡೆಲ್‌ನಲ್ಲಿ ‘ಮಾಹಿತಿ’ ಇರಬೇಕು ಎನ್ನುವುದು ಗರ್ಡರ್‌ನ ಬಣ್ಣ, ಕಾಂಕ್ರೀಟ್ ಗ್ರೇಡ್ ತುಂಬುವುದಕ್ಕಷ್ಟೇ ಅಲ್ಲ. ಈ ಎತ್ತರ ಯಾವ ಮಟ್ಟದಿಂದ ಅಳೆದದ್ದು ಎಂಬ ಒಂದು ಸಾಲು ಎಲ್ಲಕ್ಕಿಂತ ಮುಖ್ಯ.

ಸೇತುವೆಗೆ ಬಂದರೆ ಮಾಡೆಲಿಂಗ್ ಬಹಳ ದೂರ ಹೋಗಿದೆ. ಬಾಕ್ಸ್ ಗರ್ಡರ್‌ನ ಒಂದು ಮೂಲೆಯಲ್ಲಿ ಕಾಂಕ್ರೀಟನ್ನು ಬಿಗಿಯಲು ಎಳೆದು ಕಟ್ಟುವ ಪ್ರೀಸ್ಟ್ರೆಸ್ ಕೇಬಲ್‌ನ ಡಕ್ಟ್ (ಕೊಳವೆ), ಅದರ ತುದಿ ಹಿಡಿಯುವ ಆಂಕರ್, ಆಂಕರ್ ಸುತ್ತ ಸುರುಳಿ ಸರಳು, ಮೇಲಿನ ಸ್ಲ್ಯಾಬ್‌ನ ಸರಳು ಎಲ್ಲ ಒಂದೇ ಜಾಗಕ್ಕೆ ನುಗ್ಗುತ್ತವೆ. ಟು-ಡಿ ಡ್ರಾಯಿಂಗ್‌ನಲ್ಲಿ ಒಂದೊಂದೂ ಬೇರೆ ಹಾಳೆಯಲ್ಲಿ ಇರುವುದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೈಟ್‌ನಲ್ಲಿ ಬಾರ್ ಬೆಂಡರ್ ಸರಳು ಕಟ್ಟಲು ಕೂತಾಗ ಕೈ ತೂರುವುದಿಲ್ಲ, ವೈಬ್ರೇಟರ್‌ನ ಸೂಜಿ ಇಳಿಯುವುದಿಲ್ಲ. ಇದನ್ನು ಮಾಡೆಲ್‌ನಲ್ಲೇ ಹಿಡಿಯಬಹುದು. ನಾರ್ವೆಯ ರಾಂಡ್ಸೆಲ್ವಾ ಸೇತುವೆ, 634 ಮೀಟರ್ ಉದ್ದದ ಕಾಂಕ್ರೀಟ್ ಸೇತುವೆ, ಡ್ರಾಯಿಂಗ್ ಹಾಳೆಗಳೇ ಇಲ್ಲದೆ ಪೂರ್ತಿ ಮಾಡೆಲ್ ನೋಡಿಕೊಂಡೇ ಕಟ್ಟಿದ್ದು. ನಮ್ಮಲ್ಲಿ ಜಮ್ಮು–ಕಾಶ್ಮೀರದ ಚೆನಾಬ್ ರೈಲು ಸೇತುವೆಯ ಉಕ್ಕಿನ ಡೀಟೇಲಿಂಗ್‌ಗೆ ಟೆಕ್ಲಾ ಸಾಫ್ಟ್‌ವೇರ್ ಬಳಸಿದ್ದರು. 1315 ಮೀಟರ್ ಉದ್ದ, 467 ಮೀಟರ್ ಕಮಾನು, ನದಿಯಿಂದ 359 ಮೀಟರ್ ಎತ್ತರ. 2025ರ ಜೂನ್ 6ರಂದು ಅದರ ಉದ್ಘಾಟನೆ ಆಯಿತು.

ಅದೇ ಚೆನಾಬ್ ಮಾಡೆಲ್‌ನ ಮಿತಿಯನ್ನೂ ಹೇಳಿಕೊಡುತ್ತದೆ. ಉಕ್ಕಿನ ಪ್ರತಿ ಬೋಲ್ಟ್‌ನ ಜಾಗವನ್ನು ಕಂಪ್ಯೂಟರ್‌ನಲ್ಲಿ ಮೊದಲೇ ಗೊತ್ತುಮಾಡಬಹುದು. ಆ ಉಕ್ಕು ನಿಲ್ಲುವ ಬೆಟ್ಟದ ಒಳಗೆ ಏನಿದೆ ಎಂದು ಮಾತ್ರ ಅಗೆದ ಮೇಲೇ ಗೊತ್ತಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಅವರು ಅಲ್ಲಿ 17 ವರ್ಷ ಭೂತಾಂತ್ರಿಕ ಸಲಹೆಗಾರರಾಗಿದ್ದರು. ಬಿರುಕು ಬಿಟ್ಟ ಬಂಡೆ, ಒಳಗೆ ಅಡಗಿದ ಪೊಳ್ಳುಗಳು ಕಂಡಂತೆ ಇಳಿಜಾರಿನ ವಿನ್ಯಾಸವನ್ನು, ಬಂಡೆಯನ್ನು ಹಿಡಿದಿಡುವ ರಾಕ್ ಆಂಕರ್‌ಗಳ ಜಾಗವನ್ನು ಸ್ಥಳದಲ್ಲೇ ಬದಲಿಸುತ್ತ ಹೋದ ವಿಧಾನವನ್ನು ಅವರು ‘ಡಿಸೈನ್ ಆ್ಯಸ್ ಯು ಗೋ’ ಎಂದು ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ಮಾಡೆಲಿಂಗ್ ಕಲಿಯುವ ಪ್ರತಿಯೊಬ್ಬರೂ ಓದಬೇಕಾದದ್ದು ಅದು.

ಸುರಂಗದಲ್ಲಂತೂ ಪೂರ್ತಿ ಇದೇ ಪರಿಸ್ಥಿತಿ. ನಮ್ಮ ಮೆಟ್ರೋದ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿ.ಮೀ. ನೆಲದಡಿಯ ಭಾಗವಿದೆ. ಊರ್ಜಾ, ತುಂಗಾ ಮೊದಲಾದ ಹೆಸರಿನ 9 ಟಿಬಿಎಂಗಳು (ಸುರಂಗ ಕೊರೆಯುವ ಯಂತ್ರಗಳು) 2024ರ ಅಕ್ಟೋಬರ್‌ವರೆಗೆ ಅಲ್ಲಿ ಕೊರೆದವು. ಬೆಂಗಳೂರಿನ ನೆಲದ ಕಷ್ಟ ಗೊತ್ತಿರುವುದೇ. ಯಂತ್ರದ ಮುಖದ ಒಂದು ಭಾಗಕ್ಕೆ ಗಟ್ಟಿ ಗ್ರಾನೈಟ್, ಇನ್ನೊಂದು ಭಾಗಕ್ಕೆ ಶಿಥಿಲವಾದ ಮಣ್ಣು ಒಟ್ಟಿಗೇ ಸಿಗುತ್ತವೆ. ಬೋರ್‌ಹೋಲ್ ತೆಗೆದ ಜಾಗದಲ್ಲಿ ನೆಲ ಹೀಗಿದೆ ಎಂದು ಹೇಳಬಹುದು. ಎರಡು ಬೋರ್‌ಹೋಲ್‌ಗಳ ನಡುವೆ ಇರುವುದು ಅಂದಾಜು. ಆದ್ದರಿಂದ ಒಳ್ಳೆಯ ಸುರಂಗ ಮಾಡೆಲ್‌ನಲ್ಲಿ ‘ಇದು ಅಳೆದದ್ದು, ಇದು ಊಹಿಸಿದ್ದು’ ಎಂಬ ಗುರುತು ಬೇಕೇ ಬೇಕು. ಟಿಬಿಎಂ ಒಂದೊಂದು ರಿಂಗ್ (ಒಳಗೋಡೆಯ ಕಾಂಕ್ರೀಟ್ ಬಳೆ) ಕೂರಿಸಿದಾಗಲೂ ಅದರ ಸಂಖ್ಯೆ, ಅದು ಕೂತ ನಿಜವಾದ ಜಾಗ, ಹಿಂದೆ ತುಂಬಿದ ಗ್ರೌಟ್‌ನ (ಗಾರೆಯ) ಪ್ರಮಾಣ, ಮೇಲಿನ ರಸ್ತೆ ಎಷ್ಟು ಇಳಿಯಿತು ಎಂಬ ಅಳತೆ ಮಾಡೆಲ್‌ಗೆ ಸೇರಬೇಕು. ರಿಂಗ್‌ನ ಅಗಲ ಒಂದು ಬದಿಗೆ ತುಸು ಹೆಚ್ಚಿರುತ್ತದೆ. ಆ ಹೆಚ್ಚಿನ ಅಗಲದ ಬದಿಯನ್ನು ಯಾವ ಕಡೆಗೆ ತಿರುಗಿಸಿ ಕೂರಿಸುತ್ತಾರೋ ಸುರಂಗ ಅದರ ಎದುರು ಕಡೆಗೆ ಬಾಗುತ್ತದೆ. ನುಣುಪಾದ ತಿರುವಿನಂತೆ ಕಂಡರೂ ಅದು ಚಿಕ್ಕ ಚಿಕ್ಕ ನೇರ ತುಂಡುಗಳ ಜೋಡಣೆ.

ಜರ್ಮನಿಯ ರಾಸ್ಟಾಟ್ ಸುರಂಗ ಅಲ್ಲಿನ ಸಾರಿಗೆ ಸಚಿವಾಲಯ ಬಿಮ್ ಪ್ರಯೋಗಕ್ಕೆಂದು ಆರಿಸಿದ ಯೋಜನೆಗಳಲ್ಲಿ ಒಂದು. 2017ರ ಆಗಸ್ಟ್ 12ರಂದು, ಓಡಾಟದಲ್ಲಿದ್ದ ರೈಲು ಮಾರ್ಗದ ಕೆಳಗೆ ಕೊರೆಯುತ್ತಿದ್ದಾಗ ಮೇಲಿನ ಹಳಿ ಕುಸಿಯಿತು. ಟಿಬಿಎಂ ಅನ್ನು ಅಲ್ಲೇ ಕಾಂಕ್ರೀಟ್‌ನಲ್ಲಿ ಹೂಳಬೇಕಾಯಿತು. ಆ ಮುಖ್ಯ ಮಾರ್ಗ ಅಕ್ಟೋಬರ್ 2ರವರೆಗೆ ಬಂದ್ ಆಗಿತ್ತು. ಮಾಡೆಲ್ ಇದ್ದದ್ದರಿಂದ ಹೀಗಾಯಿತು ಎಂದಲ್ಲ. ಮಾಡೆಲ್ ಇದ್ದರೂ ನೆಲ ತನ್ನ ಪಾಡಿಗೆ ತಾನಿರುತ್ತದೆ, ಅಷ್ಟೇ.

ಫೈಲ್ ವಿನಿಮಯದ ಬಗ್ಗೆ ಚುಟುಕಾಗಿ. ಒಂದು ಸಾಫ್ಟ್‌ವೇರ್‌ನ ಮಾಡೆಲನ್ನು ಇನ್ನೊಂದರಲ್ಲಿ ತೆರೆಯಲು ಕಟ್ಟಡದವರು ಬಹುಕಾಲದಿಂದ ಬಳಸುವ ಐಎಫ್‌ಸಿ ಫೈಲ್ ಮಾದರಿಯಲ್ಲಿ ಮೊದಲು ಗೋಡೆ, ಬಾಗಿಲು, ಬೀಮ್‌ಗಳಿಗೆ ಜಾಗವಿತ್ತು, ಹಳಿಗೆ ಇರಲಿಲ್ಲ. ಐಎಸ್‌ಒ 16739-1 ಎಂದು 2024ರಲ್ಲಿ ಬಂದ ಐಎಫ್‌ಸಿ 4.3 ಆವೃತ್ತಿಯಲ್ಲಿ ಸೇತುವೆ, ರಸ್ತೆ, ರೈಲ್ವೆ, ಬಂದರುಗಳಿಗೆ ಜಾಗ ಸಿಕ್ಕಿದೆ. ಅಲೈನ್‌ಮೆಂಟ್‌ನ ಪ್ಲಾನ್, ಪ್ರೊಫೈಲ್, ಕ್ಯಾಂಟ್ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡಬಹುದು. ಸುರಂಗಕ್ಕೆ ಮೀಸಲಾದ ಭಾಗ ಅದರಲ್ಲಿ ಸೇರಿಲ್ಲ, ಅದರ ಕೆಲಸ ಪ್ರತ್ಯೇಕವಾಗಿ ನಡೆದಿದೆ.

ಹಾಗಾದರೆ ನೀವೇನು ಮಾಡಬೇಕು? ಸಿವಿಲ್ ತ್ರೀಡಿ ಅಥವಾ ಓಪನ್‌ರೈಲ್, ಯಾವುದು ಕೈಗೆ ಸಿಗುತ್ತದೋ ಅದರಲ್ಲಿ ಐದು ಕಿ.ಮೀ.ನ ಒಂದು ಮಾರ್ಗ ಮಾಡಿ. ಎರಡು ತಿರುವು, ಟ್ರಾನ್ಸಿಷನ್, ಒಂದು ಏರು ಇರಲಿ. ಕ್ಯಾಂಟನ್ನು ಮೊದಲು ಕೈಲೆಕ್ಕದಲ್ಲಿ ಮಾಡಿ, ಆಮೇಲೆ ಸಾಫ್ಟ್‌ವೇರ್ ಕೊಟ್ಟ ಸಂಖ್ಯೆಯ ಜೊತೆ ಹೋಲಿಸಿ. ತಿರುವಿನ ನಡುವೆಯೇ ಒಂದು ಸೇತುವೆ ಇಡಿ, ನೇರ ಭಾಗದಲ್ಲಿ ಇಟ್ಟರೆ ಏನೂ ಕಲಿತಂತಾಗುವುದಿಲ್ಲ. ಬಳಿಕ ತಿರುವಿನ ತ್ರಿಜ್ಯ ಬದಲಿಸಿ, ಪಿಯರ್‌ಗಳು ಜೊತೆಗೆ ಬಂದವೇ ನೋಡಿ. ಕೊನೆಗೆ ಐಎಫ್‌ಸಿ 4.3ಕ್ಕೆ ಎಕ್ಸ್‌ಪೋರ್ಟ್ ಮಾಡಿ ಬೇರೊಂದು ಕಂಪನಿಯ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ, ಕ್ಯಾಂಟ್ ಉಳಿದಿದೆಯೇ, ಚೈನೇಜ್ ಸರಿಯಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಏನು ಕಳೆದುಹೋಯಿತು, ಅದನ್ನು ಹೇಗೆ ಸರಿಪಡಿಸಿದಿರಿ ಎಂಬುದನ್ನು ಬರೆದಿಟ್ಟುಕೊಂಡು ಮುಂದಿನ ಸಂದರ್ಶನಕ್ಕೆ ಲ್ಯಾಪ್‌ಟಾಪ್ ಜೊತೆಗೇ ಹೋಗಿ.