ಪದ ಪರಿಚಯ: ಸ್ಕೋಲಿಯೋಸಿಸ್ ವ್ಯಾಯಾಮ

ನಮ್ಮ ಅಣ್ಣನ ಮಗಳ ಬೆನ್ನು ಸೊಟ್ಟಗಾಗುತ್ತಿದೆ ಅಂತ ಮೊದಲು ಗುರುತಿಸಿದವರು ಬಳ್ಳಾರಿಯ ಕೌಲ್ ಬಜಾರಿನ ಒಬ್ಬ ಟೇಲರ್. ಯೂನಿಫಾರ್ಮ್‌ಗೆ ಅಳತೆ ತೆಗೆಯುವಾಗ ಟೇಪನ್ನು ಎರಡೆರಡು ಸಲ ಹಿಡಿದು ನೋಡಿದರು. "ಬಲಗಡೆ ಭುಜ ಮ್ಯಾಲೈತಿ ನೋಡ್ರಿ, ಸೊಂಟಾನೂ ಸಮ ಇಲ್ಲ" ಅಂದರು. ಆಗ ಹುಡುಗಿಗೆ 12 ವರ್ಷ. ಎಲ್ಲೂ ನೋವಿರಲಿಲ್ಲ. ಖೋ ಖೋ ಆಡಿಕೊಂಡು ಚೆನ್ನಾಗಿಯೇ ಇದ್ದಳು. ದಿನಾ ಜಡೆ ಹಾಕುವ ಅವಳ ಅಮ್ಮನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಎಕ್ಸ್-ರೇ ಆಯಿತು. ಚೀಟಿಯ ಮೇಲೆ ಸ್ಕೋಲಿಯೋಸಿಸ್ ಅನ್ನುವ ಪದ ಬಂತು. ಗ್ರೀಕ್ ಭಾಷೆಯಿಂದ ಬಂದ ಪದ. ಅದರ ಮೂಲದಲ್ಲಿ ಡೊಂಕು ಅನ್ನುವ ಅರ್ಥವಿದೆ. ಅಷ್ಟು ಕೇಳಿದ್ದೇ ತಡ, ಮನೆಯಲ್ಲಿ ಅಜ್ಜಿ "ಗೂನು ಬರ್ತೈತೇನು?" ಅಂತ ಗಾಬರಿಯಾದರು. ಗೂನು ಬೇರೆ, ಇದು ಬೇರೆ. ಗೂನಿನಲ್ಲಿ ಬೆನ್ನು ಮುಂದಕ್ಕೆ ಬಾಗುತ್ತದೆ. ಸ್ಕೋಲಿಯೋಸಿಸ್‌ನಲ್ಲಿ ಬೆನ್ನೆಲುಬು ಪಕ್ಕಕ್ಕೆ ಬಾಗುತ್ತದೆ, ಬಾಗುತ್ತಾ ತಿರುಚಿಕೊಳ್ಳುತ್ತದೆ. ಕೆಲವರು ಬೆನ್ನುಹುರಿ ಬಾಗಿದೆ ಅನ್ನುತ್ತಾರೆ. ಅದೂ ಸರಿಯಲ್ಲ. ಬೆನ್ನುಹುರಿ ಒಳಗಿರುವ ನರದ ಹುರಿ. ಬಾಗಿರುವುದು ಅದನ್ನು ಕಾಯುವ ಎಲುಬಿನ ಸಾಲು.

ಈ ತಿರುಚುವಿಕೆ ಅರ್ಥವಾಗದಿದ್ದರೆ ವ್ಯಾಯಾಮವೂ ಅರ್ಥವಾಗುವುದಿಲ್ಲ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕೆಲವು ಪ್ಯಾಂಟುಗಳಲ್ಲಿ ಒಗೆದ ಮೇಲೆ ಪಕ್ಕದ ಹೊಲಿಗೆ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ ಅಲ್ವಾ? ಬಟ್ಟೆಯೇ ತಿರುಗಿರುತ್ತದೆ, ಇಸ್ತ್ರಿ ಮಾಡಿ ಎಳೆದರೂ ಮತ್ತೆ ಅಲ್ಲೇ ಹೋಗಿ ನಿಲ್ಲುತ್ತದೆ. ಬೆನ್ನಿನಲ್ಲೂ ಹಾಗೆಯೇ. ಎಲುಬಿನ ಮಣಿಗಳು ತಿರುಗಿದಾಗ ಅವಕ್ಕೆ ಕೂಡಿಕೊಂಡ ಪಕ್ಕೆಲುಬುಗಳೂ ತಿರುಗುತ್ತವೆ. ಬೆನ್ನಿನ ಒಂದು ಪಕ್ಕ ಉಬ್ಬುತ್ತದೆ, ಇನ್ನೊಂದು ಪಕ್ಕ ತಗ್ಗಾಗುತ್ತದೆ. ಮಗು ಕಾಲು ಜೋಡಿಸಿ, ಎರಡೂ ಅಂಗೈ ಸೇರಿಸಿ, ಮೊಣಕಾಲು ಮಡಿಸದೆ ಮುಂದಕ್ಕೆ ಬಗ್ಗಿದಾಗ ಹಿಂದೆ ನಿಂತು ನೋಡಿ. ಒಂದು ಪಕ್ಕ ಎದ್ದು ಕಂಡರೆ ಡಾಕ್ಟರಿಗೆ ತೋರಿಸಬೇಕು. 19ನೇ ಶತಮಾನದ ಇಂಗ್ಲಿಷ್ ಸರ್ಜನ್ ವಿಲಿಯಂ ಆಡಮ್ಸ್ ಅವರ ಹೆಸರಿನಲ್ಲಿರುವ ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ.

ಎಷ್ಟು ಬಾಗಿದೆ ಅನ್ನುವುದನ್ನು ಎಕ್ಸ್-ರೇ ಮೇಲೆ ಗೆರೆ ಎಳೆದು ಅಳೆಯುತ್ತಾರೆ. ಅದು ಕಾಬ್ ಕೋನ. ಅಮೆರಿಕದ ಡಾಕ್ಟರ್ ಜಾನ್ ಕಾಬ್ 1948ರಲ್ಲಿ ವಿವರಿಸಿದ ಅಳತೆ. 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಹದಿಹರೆಯದ 100 ಮಕ್ಕಳಲ್ಲಿ ಇಬ್ಬರು ಮೂವರಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಚಿಕ್ಕದಾಗಿಯೇ ಉಳಿಯುತ್ತದೆ. ದೊಡ್ಡದಾಗುವುದು ಹುಡುಗಿಯರಲ್ಲಿ ಜಾಸ್ತಿ. ನಮ್ಮ ಹುಡುಗಿಯದು 18 ಡಿಗ್ರಿ ಇತ್ತು.

ಕಾರಣ ಏನು ಅಂತ ಎಲ್ಲರೂ ಕೇಳಿದರು, ಕೇಳುತ್ತಲೇ ಉತ್ತರವನ್ನೂ ಕೊಟ್ಟರು. ಒಂದೇ ಹೆಗಲಿಗೆ ಬ್ಯಾಗು ಹಾಕಿದ್ದು, ಒಂದೇ ಸೊಂಟದ ಮೇಲೆ ಕೊಡ ಹೊತ್ತದ್ದು, ಬಗ್ಗಿ ಮೊಬೈಲು ನೋಡಿದ್ದು. ಇವು ಯಾವುವೂ ಕಾರಣವಲ್ಲ. ಕೊಪ್ಪಳ, ರಾಯಚೂರು ಕಡೆಯ ನೆಂಟರು ಫ್ಲೋರೈಡ್ ನೀರು ಅಂದರು. ನಮ್ಮ ಮೂರೂ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಅದರಿಂದ ಬೆನ್ನು ಬಿಗಿದು ಬಾಗಿದ ಹಿರಿಯರನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಅದು ವರ್ಷಗಟ್ಟಲೆ ಕುಡಿದು ಬರುವ ಬೇರೆಯೇ ಕಾಯಿಲೆ. ಹದಿಹರೆಯದ ಸ್ಕೋಲಿಯೋಸಿಸ್‌ಗೆ ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ಮನೆತನದಲ್ಲಿ ಬರುವುದುಂಟು. ಅಮ್ಮಂದಿರು ತಮ್ಮನ್ನೇ ಬೈದುಕೊಳ್ಳುವುದನ್ನು ದಯವಿಟ್ಟು ಬಿಡಬೇಕು. ಅತ್ತಿಗೆ ಎಷ್ಟು ಅತ್ತಿದ್ದಾರೆಂದು ನನಗೆ ಗೊತ್ತು.

ಈಗ ವ್ಯಾಯಾಮ ಅನ್ನುವ ಪದಕ್ಕೆ ಬರೋಣ. ತೊಂದರೆಯಾಗಿದ್ದೇ ಇಲ್ಲಿ. ನಮಗೆ ವ್ಯಾಯಾಮ ಅಂದರೆ ಶಾಲೆಯ ಡ್ರಿಲ್ ನೆನಪಾಗುತ್ತದೆ. ಎಡಕ್ಕೆ ಹತ್ತು, ಬಲಕ್ಕೆ ಹತ್ತು. ನಾವು ಮೊದಲು ಹೋದ ಕಡೆ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಬೆನ್ನು ನೋವಿನವರಿಗೆಲ್ಲ ಕೊಡುವ ಅದೇ ಹಾಳೆ. ಜೊತೆಗೆ "ನೆಟ್ಟಗೆ ಕೂತ್ಕೋ ಅಂತ ಹೇಳ್ತಾ ಇರಿ" ಅಂದರು. ಆರು ತಿಂಗಳು ಹುಡುಗಿ ಅದನ್ನು ತಪ್ಪದೆ ಮಾಡಿದಳು. ಮನೆಯವರೆಲ್ಲ ದಿನಕ್ಕೆ ಹತ್ತು ಸಲ ನೆಟ್ಟಗೆ ಕೂರು ಅಂದೆವು. ಮುಂದಿನ ಎಕ್ಸ್-ರೇಯಲ್ಲಿ 23 ಡಿಗ್ರಿ ಬಂತು. ಅವಳು ಮೈಮೇಲೆ ಸದಾ ವೇಲು ಹೊದ್ದುಕೊಳ್ಳಲು ಶುರು ಮಾಡಿದ್ದೂ ಆಗಲೇ.

ಸ್ಕೋಲಿಯೋಸಿಸ್ ವ್ಯಾಯಾಮ ಅನ್ನುವುದು ಆ ಹಾಳೆಯಲ್ಲ. ಆ ಒಂದು ಮಗುವಿನ ಬಾಗು ಯಾವ ಕಡೆಗಿದೆ, ಎಷ್ಟು ಕಡೆ ಬಾಗಿದೆ, ಎತ್ತ ತಿರುಗಿದೆ ಎಂದು ಎಕ್ಸ್-ರೇ ನೋಡಿ ಹೊಂದಿಸುವುದು. ಎಡಬಲ ಒಂದೇ ಥರ ಇರುವುದಿಲ್ಲ. ಇಂಥ ಪದ್ಧತಿಗಳು ಹಲವಿವೆ. ಹೆಚ್ಚು ಹೆಸರಾದದ್ದು ಜರ್ಮನಿಯ ಶ್ರೋಟ್ ಪದ್ಧತಿ.

ಕಥರೀನಾ ಶ್ರೋಟ್ 1894ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು. ಅವರಿಗೇ ಸ್ಕೋಲಿಯೋಸಿಸ್ ಇತ್ತು, 16ನೇ ವಯಸ್ಸಿನಲ್ಲಿ ಉಕ್ಕಿನ ಬೆಲ್ಟ್ ತೊಡಿಸಿದ್ದರು. ಒಂದು ಕಡೆ ಕುಗ್ಗಿದ ಬಲೂನು ಗಾಳಿ ತುಂಬಿದರೆ ಉಬ್ಬುತ್ತದೆ, ಹಾಗಾದರೆ ನನ್ನ ಬೆನ್ನಿನ ತಗ್ಗನ್ನೂ ಉಸಿರಿನಿಂದ ಒಳಗಿಂದ ತುಂಬಬಹುದಲ್ಲ ಅಂತ ಅವರಿಗೆ ಹೊಳೆಯಿತು. ಎರಡು ಕನ್ನಡಿಗಳ ನಡುವೆ ನಿಂತು ತನ್ನ ಬೆನ್ನನ್ನು ತಾನೇ ನೋಡುತ್ತಾ ಕಲಿತರು. 1921ರಲ್ಲಿ ಮೈಸೆನ್ ಊರಿನಲ್ಲಿ ಚಿಕ್ಕದಾಗಿ ಬೇರೆಯವರಿಗೂ ಕಲಿಸಲು ಶುರು ಮಾಡಿದರು. ಈ ಚಿಕಿತ್ಸೆಯ ಬೀಜ ಬಿದ್ದದ್ದು ಒಂದು ಹುಡುಗಿಯ ಮೈಯಲ್ಲೇ ಅನ್ನುವುದು ನನಗೆ ತುಂಬ ದೊಡ್ಡ ಸಂಗತಿ ಅನಿಸುತ್ತದೆ. ನಮ್ಮ ಹುಡುಗಿಗೆ ಇದನ್ನು ಹೇಳಿದ ದಿನ ಅವಳು ಮೊದಲ ಸಲ ತಾನಾಗಿಯೇ ಪ್ರಶ್ನೆ ಕೇಳಿದಳು.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಕಲಿತು ಬಂದೆವು. ಮೊದಲು ಸೊಂಟದ ಎಲುಬನ್ನು ಸರಿಯಾದ ಜಾಗಕ್ಕೆ ತರಬೇಕು. ಆಮೇಲೆ ನೆತ್ತಿಗೆ ದಾರ ಕಟ್ಟಿ ಯಾರೋ ಮೇಲಕ್ಕೆ ಎಳೆದ ಹಾಗೆ ಬೆನ್ನನ್ನು ಉದ್ದ ಮಾಡಬೇಕು. ಆ ಉದ್ದ ಬಿಡದೆ, ತಗ್ಗಾದ ಪಕ್ಕೆಗೇ ಉಸಿರು ಎಳೆದುಕೊಳ್ಳಬೇಕು. ಉಸಿರು ಬಿಡುವಾಗ ಬೆನ್ನು ಹಳೆಯ ಜಾಗಕ್ಕೆ ಕುಸಿಯದಂತೆ ಸ್ನಾಯು ಬಿಗಿಹಿಡಿಯಬೇಕು. ಹೊರಗಿನಿಂದ ನೋಡಿದರೆ ಹುಡುಗಿ ಸುಮ್ನೆ ಕೂತಂತೆ ಕಾಣುತ್ತದೆ, ಹತ್ತು ನಿಮಿಷಕ್ಕೆ ಬೆವರು ಸುರಿದಿರುತ್ತದೆ. ಮಲಗಿ ಮಾಡುವಾಗ ತಿರುಗಿದ ಭಾಗದ ಕೆಳಗೆ ಅಕ್ಕಿ ತುಂಬಿದ ಚಿಕ್ಕ ಚೀಲಗಳನ್ನು ಇಡುತ್ತಾರೆ. ಜರ್ಮನಿಯ ಪದ್ಧತಿಯಲ್ಲಿ ಅಕ್ಕಿ ಚೀಲ ಅಂದಾಗ ಅತ್ತಿಗೆಗೆ ಎಷ್ಟೋ ಸಮಾಧಾನವಾಯಿತು. ಗಂಗಾವತಿಯ ಸೋನಾ ಮಸೂರಿ, ಹಳೆಯ ಜೀನ್ಸ್ ಬಟ್ಟೆ, ಮನೆಯ ಮಿಷನ್ನು. ಒಂದು ಸಂಜೆಯಲ್ಲಿ ನಾಲ್ಕು ಚೀಲ ತಯಾರಾದವು.

ಇದು ನಿಜವಾಗಲೂ ಕೆಲಸ ಮಾಡುತ್ತದಾ? ಇಟಲಿಯಲ್ಲಿ 110 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 25 ಡಿಗ್ರಿಗಿಂತ ಕಡಿಮೆ ಬಾಗು ಇದ್ದವರು. ಇಂಥ ವಿಶೇಷ ವ್ಯಾಯಾಮ ಮಾಡಿದವರಲ್ಲಿ ಬಾಗು ಸರಾಸರಿ 5 ಡಿಗ್ರಿಯಷ್ಟು ಇಳಿಯಿತು. ಆದರೆ ಕಾಬ್ ಕೋನ ಅಳೆಯುವುದರಲ್ಲೇ 5 ಡಿಗ್ರಿಯಷ್ಟು ಹೆಚ್ಚುಕಮ್ಮಿ ಆಗಬಹುದು. ಹಾಗಾಗಿ 'ಬೆನ್ನು ಪೂರ್ತಿ ನೆಟ್ಟಗಾಗುತ್ತದೆ' ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಇಲ್ಲಿ ಗುರಿ ಬಾಗು ಹೆಚ್ಚಾಗದಂತೆ ತಡೆಯುವುದು.

ತಡೆಯಬೇಕಾದ ಕಾಲವೂ ಚಿಕ್ಕದು. ಮಗು ಉದ್ದ ಬೆಳೆಯುವಾಗಲೇ ಬಾಗೂ ಬೆಳೆಯುತ್ತದೆ. ಹುಡುಗಿಯರಲ್ಲಿ ಆ ಓಟ ಮೈನೆರೆಯುವ ಮೊದಲೇ ಶುರುವಾಗಿ, ಮೈನೆರೆದು ಎರಡು ವರ್ಷದ ಹೊತ್ತಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಎಷ್ಟು ಬೆಳವಣಿಗೆ ಬಾಕಿ ಇದೆ ಅನ್ನುವುದನ್ನು ಸೊಂಟದ ಎಲುಬಿನ ಅಂಚು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ, ಅದು ರಿಸ್ಸರ್ ಅಂಕ. 0 ಅಥವಾ 1 ಇದ್ದರೆ ಕಾಯುತ್ತಾ ಕೂರುವ ಹೊತ್ತಲ್ಲ. ದೊಡ್ಡಾಕಿ ಆದ ಮೇಲೆ ನೋಡೋಣ ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಅಷ್ಟರಲ್ಲಿ ಅರ್ಧ ಕಾಲ ಕಳೆದಿರುತ್ತದೆ.

ಬೆಳೆಯುವ ಮಗುವಿನಲ್ಲಿ ಬಾಗು 25 ಡಿಗ್ರಿ ದಾಟಿದರೆ ಸಾಮಾನ್ಯವಾಗಿ ಬೆಲ್ಟ್ ಬೇಕು, ಅಂದರೆ ಬ್ರೇಸ್. ಅದರ ಬದಲಿಗೆ ವ್ಯಾಯಾಮ ಸಾಲದು, ಅದರ ಜೊತೆಗೆ ಬೇಕು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ 72% ಮಕ್ಕಳ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಹಾಕದವರಲ್ಲಿ 48%. ಜಾಸ್ತಿ ಗಂಟೆ ಹಾಕಿದಷ್ಟೂ ಫಲ ಜಾಸ್ತಿ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟ್ ಹಾಕಿಕೊಂಡಿರುವ ಮಗುವಿನ ಕಷ್ಟ ನಾವು ಅರಿಯಬೇಕು. ಒಳಗೆ ತೆಳುವಾದ ಕಾಟನ್ ಬನಿಯನ್, ಬೆವರಿದಾಗೆಲ್ಲ ಬದಲು. 45-50 ಡಿಗ್ರಿ ದಾಟಿದರೆ ಆಪರೇಷನ್ ಮಾತು ಬರುತ್ತದೆ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ವ್ಯಾಯಾಮ ಬದಿಗಿಟ್ಟು ಮೊದಲು ಡಾಕ್ಟರ ಹತ್ತಿರ ಓಡಬೇಕು. ಎಲುಬು ಲಟಕ್ ಅನಿಸಿ ಸರಿ ಮಾಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ.

ಆಟ ಬಿಡಿಸುವ ಅಗತ್ಯವಿಲ್ಲ. ಮದುವೆ, ಹೆರಿಗೆ ಅಂತ ಈಗಲೇ ಹೆದರಿಸುವುದೂ ಬೇಡ. ಇಂಥ ಬೆನ್ನಿನ ಹೆಚ್ಚಿನ ಹೆಣ್ಣುಮಕ್ಕಳು ಎಲ್ಲರಂತೆ ಮಕ್ಕಳನ್ನು ಹೆರುತ್ತಾರೆ.

ನಮ್ಮ ಹುಡುಗಿ ಈಗ ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮೊದಲು, ಮಾಳಿಗೆಯ ಮೇಲೆ ಚಾಪೆ ಹಾಸಿ ಅರ್ಧ ಗಂಟೆ ಮಾಡುತ್ತಾಳೆ. ಅತ್ತಿಗೆ ಹಿಂದೆ ಕೂತು ತಗ್ಗಾದ ಪಕ್ಕೆಯ ಮೇಲೆ ಎರಡು ಬೆರಳು ಇಟ್ಟಿರುತ್ತಾರೆ, ಉಸಿರು ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಗೊತ್ತಾಗಲಿ ಎಂದು. ಕಳೆದ ಸಲದ ಅಳತೆ 21. ಮುಂದಿನ ಎಕ್ಸ್-ರೇ ದೀಪಾವಳಿ ಮುಗಿದ ಮೇಲೆ.