ಗಾಲಿಯ ಹಳಿ, ಬುರುಜಿನ ತೋಪು

ವಿಜಯಪುರಕ್ಕೆ ಬಂದ ಬೀಗರೆಲ್ಲ ಗೋಳಗುಮ್ಮಟ ನೋಡಿ, ಅಲ್ಲಿಂದ ಮಲಿಕ್-ಎ-ಮೈದಾನ್ ತೋಪಿಗೆ ಹೋಗುತ್ತಾರೆ. ಅದರ ಮೈಯನ್ನು ಬೆರಳಿನಿಂದ ಕುಟ್ಟಿದರೆ ಗಂಟೆಯ ಸದ್ದು ಬರುತ್ತದೆ. ಒಂದು ಫೋಟೊ ತೆಗೆಸಿಕೊಂಡರೆ ಮುಗೀತು. ನಾನು ಮಾತ್ರ ಯಾರನ್ನೂ ಅಷ್ಟಕ್ಕೇ ಬಿಡುವುದಿಲ್ಲ. ಅಲ್ಲೇ ಹತ್ತಿರದ ಉಪ್ಲಿ ಬುರುಜಿಗೂ ಹತ್ತಿಸುತ್ತೇನೆ. ಸುಮಾರು 80 ಅಡಿ ಎತ್ತರದ ಬುರುಜು. ಹೊರಮೈಗೆ ಸುತ್ತಿಕೊಂಡು ಮೆಟ್ಟಿಲು ಏರುತ್ತವೆ. ಮೇಲೆ ಎರಡು ಕಬ್ಬಿಣದ ತೋಪುಗಳು ಮಲಗಿವೆ. ಉದ್ದನೆಯದು 30 ಅಡಿಗೂ ಜಾಸ್ತಿ.

ಈ ತೋಪನ್ನು ಎರಕ ಹೊಯ್ದಿಲ್ಲ. ಬಡಿದು ಮಾಡಿದ್ದಾರೆ. ಹತ್ತಿರ ಹೋಗಿ ನೋಡಿದರೆ ಮೈತುಂಬ ಬಳೆ ತೊಟ್ಟ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಊರಿನ ಕಂಬಾರ ಕಾಕಾ.

ನಮ್ಮೂರು ಮುಧೋಳದ ಕಡೆ. ಬೇಸಿಗೆ ಬಂದರೆ ಚಕ್ಕಡಿ ಗಾಲಿಗಳಿಗೆ ಹಳಿ ಕಟ್ಟುವ ಕೆಲಸ ಶುರುವಾಗುತ್ತಿತ್ತು. ಬಿಸಿಲಿಗೆ ಜಾಲಿ ಕಟ್ಟಿಗೆ ಒಣಗಿ, ಗಾಲಿ ಸಡಿಲಾಗಿ ಗಡಗಡ ಅನ್ನುತ್ತಿತ್ತು. ಕಾಕಾ ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆದು, ಕಬ್ಬಿಣದ ಹಳಿಯನ್ನು ಬೇಕೆಂದೇ ಸ್ವಲ್ಪ ಸಣ್ಣದು ಮಾಡುತ್ತಿದ್ದ. "ಸಣ್ಣದು ಹೆಂಗ ಕೂಡ್ತೈತಿ ಕಾಕಾ?" ಅಂತ ಕೇಳಿದ್ದೆ. "ಬೆರಳು ದಪ್ಪ ಸಣ್ಣದಿರಬೇಕೋ ತಮ್ಮಾ. ಅಂದ್ರನ ಕಚ್ಚಿ ಹಿಡೀತೈತಿ" ಅಂದಿದ್ದ.

ಹಳಿಯನ್ನು ನೆಲಕ್ಕೆ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಅದು ಕೆಂಪಗಾದ ಮೇಲೆ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಇಳಿಸಬೇಕು. ಆಗ ಯಾರೂ ಮಾತಾಡುತ್ತಿರಲಿಲ್ಲ. ಕಟ್ಟಿಗೆ ಸುಟ್ಟು ಭುಸ್ಸೆಂದು ಹೊಗೆ ಏಳುತ್ತಿತ್ತು. ಸುತ್ತಿಗೆಯ ಏಟು ಬೀಳುತ್ತಿದ್ದಂತೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಹಳಿ ತಣ್ಣಗಾಗುತ್ತಾ ಬಿಗಿಯುವಾಗ ಗಾಲಿ ಕಿರ್‍ರ್ ಅಂತ ನರಳುತ್ತಿತ್ತು. ಗಡಗಡ ಅನ್ನುತ್ತಿದ್ದ ಗಾಲಿ ಒಂದೇ ತುಂಡಿನಂತಾಗುತ್ತಿತ್ತು. ಒಂದು ಮೊಳೆಯೂ ಬೇಕಿರಲಿಲ್ಲ!

ಲೆಕ್ಕ ಹಾಕಿ ನೋಡೋಣ. ಒಂದು ಮೀಟರ್ ಕಬ್ಬಿಣ, ಬಿಸಿ ಒಂದು ಡಿಗ್ರಿ ಏರಿದಾಗ ಮೀಟರಿನ 10 ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಸುತ್ತಳತೆ 4 ಮೀಟರ್ ಇರುವ ಹಳಿಯನ್ನು 600 ಡಿಗ್ರಿಯಷ್ಟು ಕಾಯಿಸಿ. ಸುಮಾರು 3 ಸೆಂಟಿಮೀಟರ್ ಬೆಳೆಯುತ್ತದೆ. ಬೆರಳು ದಪ್ಪದ ಕೊರತೆ ಅದರಲ್ಲಿ ಕಳೆದುಹೋಗಿ, ಗಾಲಿಯ ಮೇಲೆ ಇಳಿಯಲು ಇನ್ನಷ್ಟು ಜಾಗ ಉಳಿಯುತ್ತದೆ. ಕಾಕಾನ ಕೈ ಅಳತೆ ಎಷ್ಟು ಸರಿ ಇತ್ತು ನೋಡಿ.

ಉಪ್ಲಿ ಬುರುಜಿನ ತೋಪೂ ಇದೇ ಕುಲದ್ದು. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯ ಹಾಗೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬಡಿಯುವ ವಿಧಾನ. ತಣ್ಣಗಾದ ಬಳೆ ಒಳಗಿನ ಪಟ್ಟಿಗಳನ್ನು ಸದಾ ಅಮುಕುತ್ತಲೇ ಇರುತ್ತದೆ.

ಇಷ್ಟು ಕಷ್ಟ ಯಾಕೆ, ಕರಗಿಸಿ ಹೊಯ್ಯಬಾರದಿತ್ತೇ? ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ತಿದಿ ಒತ್ತುವ ಕುಲುಮೆ ಕಬ್ಬಿಣವನ್ನು ಮೆದು ಮಾಡುತ್ತದೆ, ಒಂದು ತುಂಡಿಗೆ ಇನ್ನೊಂದನ್ನು ಬಡಿದು ಬೆಸೆಯುವಷ್ಟು ಕಾಯಿಸುತ್ತದೆ. ನೀರಿನ ಹಾಗೆ ಹರಿಸುವುದು ಅದರ ಕೈಲಾಗದು. ಕಂಚಿನ ಮಾತೇ ಬೇರೆ. ಐದನೇ ಒಂದು ಪಾಲು ತವರ ಬೆರೆಸಿದರೆ ತಾಮ್ರ 900 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಹರಿಯುತ್ತದೆ. ಮಲಿಕ್-ಎ-ಮೈದಾನ್ ಹಾಗೆ ಆದದ್ದು. 1549ರಲ್ಲಿ ಅಹ್ಮದ್‌ನಗರದಲ್ಲಿ ಮಹಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ. ತೂಕ ಸುಮಾರು 55 ಟನ್. 'ರೂಮಿ' ಅಂದರೆ ತುರ್ಕರ ನಾಡಿನ ಕಡೆಯವನು. ನಾವು ದಿನಾ ಬಳಸುವ 'ತೋಪು' ಪದವೂ ತುರ್ಕಿ ಭಾಷೆಯಿಂದಲೇ ಬಂದದ್ದು.

ಕುಟ್ಟಿದರೆ ಗಂಟೆ ಸದ್ದು ಬರುವುದು ಆ ತವರದಿಂದ. ಗಂಟೆಗೂ ಇದೇ ಹದ. ತೋಪಿನ ಕಂಚಿಗೆ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ತವರ ಸಾಕು. ಜಾಸ್ತಿಯಾದರೆ ಲೋಹ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಬಿಸಿಲಲ್ಲೂ ತಣ್ಣಗಿರುತ್ತದೆ ಅಂತ ಜನ ಬೆರಗಾಗುತ್ತಾರಲ್ಲ, ಅದರಲ್ಲಿ ಮಾಯೆ ಇಲ್ಲ. 55 ಟನ್ ಕಂಚನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು, 60 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಬೇಕು. ಹಾಗಾಗಿ ರಾತ್ರಿಯ ತಂಪು ಬೇಗ ಬಿಟ್ಟುಹೋಗುವುದಿಲ್ಲ.

ಕಂಚಿನದಿರಲಿ ಕಬ್ಬಿಣದ್ದಿರಲಿ, ಈ ತೋಪುಗಳೆಲ್ಲ ಬಾಯಿಂದ ಬಾರು ಮಾಡುವಂಥವು. ಹಿಂದಿನ ತುದಿ ಗಟ್ಟಿಯಾಗಿ ಮುಚ್ಚಿರಬೇಕು. ತೆಗೆದು ಹಾಕುವ ಮುಚ್ಚಳವನ್ನು ಕಿಂಚಿತ್ತೂ ಸಂದಿಲ್ಲದಂತೆ ಕೂರಿಸುವುದು ಕೈ ಕೆಲಸದಲ್ಲಿ ಬಲು ಕಷ್ಟ. ಮದ್ದಿನಲ್ಲಿ ಪೆಟ್ಲುಪ್ಪು, ಇದ್ದಿಲು, ಗಂಧಕ ಇರುತ್ತವೆ. ಉರಿಯಲು ಬೇಕಾದ ಆಮ್ಲಜನಕ ಪೆಟ್ಲುಪ್ಪಿನಲ್ಲೇ ಅಡಗಿದೆ. ಅದಕ್ಕೇ ಮುಚ್ಚಿದ ಕೊಳವೆಯಲ್ಲೂ ಮದ್ದು ಉರಿಯುತ್ತದೆ. ಹುಟ್ಟಿದ ಅನಿಲ ಗುಂಡನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ಕೊಳವೆಯನ್ನೂ ಸುತ್ತಲೂ ಹಿಗ್ಗಿಸಲು ನೋಡುತ್ತದೆ. ಉಪ್ಲಿ ಬುರುಜಿನ ತೋಪಿನಲ್ಲಿ ಅದು ಮೊದಲು ಬಳೆಗಳ ಬಿಗಿಯನ್ನು ಗೆಲ್ಲಬೇಕು. ಮದ್ದಿನ ಅರ್ಧಕ್ಕೂ ಜಾಸ್ತಿ ಪಾಲು ಅನಿಲವಾಗುವುದೇ ಇಲ್ಲ. ದಟ್ಟ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ಕರಿಯಾಗಿ ಒಳಗೇ ಅಂಟುತ್ತದೆ. ಪ್ರತಿ ಗುಂಡಿನ ನಂತರ ಒದ್ದೆ ಕುಂಚದಿಂದ ಒಳಗೆಲ್ಲ ಒರೆಸಬೇಕಿತ್ತು. ಎಲ್ಲಾದರೂ ಕಿಡಿ ಉಳಿದಿದ್ದರೆ ಮುಂದಿನ ಮದ್ದು ತುಂಬುವವನ ಜೀವಕ್ಕೇ ಸಂಚಕಾರ.

ಹೋದ ವರ್ಷ ನಮ್ಮ ಮಾವನನ್ನು ಈ ಬುರುಜಿಗೆ ಹತ್ತಿಸಿದೆ. ಒಂದು ಕಾಲದಲ್ಲಿ ಎರಡು ಚಕ್ಕಡಿ ಇಟ್ಟುಕೊಂಡಿದ್ದ ಒಕ್ಕಲಿಗ. ಈಗ ಅವರ ಗಾಡಿಗೂ ರಬ್ಬರ್ ಟೈರು ಬಂದಿದೆ. ಎರಡು ಕಡೆ ಕೂತು ದಣಿವಾರಿಸಿಕೊಂಡು ಮೇಲೆ ಬಂದರು. ತೋಪಿನ ಉದ್ದದ ಬಗ್ಗೆ ನಾನು ಹೇಳುತ್ತಿದ್ದುದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಬಗ್ಗಿ, ಎರಡು ಬಳೆಗಳ ನಡುವಿನ ಗೆರೆಯಲ್ಲಿ ಉಗುರು ಇಟ್ಟು ಸುತ್ತಲೂ ಎಳೆದರು. ಆಮೇಲೆ ತಲೆ ಎತ್ತಿ ಕೇಳಿದರು: "ಇಷ್ಟು ಹಳಿ ಕಾಸಾಕ ಎಷ್ಟು ಕುಳ್ಳು ಸುಟ್ಟಿರಬೇಕೋ?"